ದಸರೆಗೆ ಹೋದ ಅರ್ಜಿ: ಮೈಸೂರು ಸಂಸ್ಥಾನದಲ್ಲಿ ಮತ, ಪಕ್ಷ ಮತ್ತು ದಿವಾನರು

ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿಗೆ ಚುನಾವಣೆ ಬಂದರೆ ಅಭ್ಯರ್ಥಿಯ ಕೊರಳಿಗೆ ಮೊದಲು ಹಾರ ಬೀಳುತ್ತದೆ, ಆಮೇಲೆ ಕೈಗೆ ಅರ್ಜಿ ಬರುತ್ತದೆ. ಕೆರೆಗೆ ನೀರು ತುಂಬಿಸಿ, ಶಾಲೆಗೆ ಮೇಷ್ಟ್ರನ್ನು ಹಾಕಿಸಿ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ದುಡ್ಡು ಕೊಡಿಸಿ, ಬಗರ್‌ಹುಕುಂ ಸಾಗುವಳಿ ಚೀಟಿ ಮಾಡಿಸಿಕೊಡಿ. ಕೇಳುವವರು ಕೈಮುಗಿದು ಕೇಳುತ್ತಾರೆ. ಕೇಳಿಸಿಕೊಳ್ಳುವವರು ತಲೆಯಾಡಿಸಿ ಕಾಗದವನ್ನು ಪಕ್ಕದವರ ಕೈಗೆ ದಾಟಿಸುತ್ತಾರೆ. ಗೆದ್ದರೆ ವಿಧಾನಸಭೆಯಲ್ಲೋ ಲೋಕಸಭೆಯಲ್ಲೋ ಕೂತು ಯಾವ ಮಸೂದೆಗೆ ಕೈಯೆತ್ತುತ್ತೀರಿ, ಯಾವುದನ್ನು ವಿರೋಧಿಸುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಕಡೂರಿನಲ್ಲಿ ಹೀಗೆ, ತರೀಕೆರೆಯಲ್ಲೂ ಹೀಗೆ, ಈಚೆಗೆ ತಾಲ್ಲೂಕಾದ ಅಜ್ಜಂಪುರದಲ್ಲೂ ಹೀಗೆಯೇ.

ಈ ಅಭ್ಯಾಸವನ್ನು ಜನರ ಅಜ್ಞಾನ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಇದು ಕಲಿತ ಪಾಠ. ಕಲಿಸಿದ ಶಾಲೆ ಮೈಸೂರು ಸಂಸ್ಥಾನ. ಪಾಠ ಶುರುವಾಗಿ ನೂರನಲವತ್ತು ವರ್ಷಕ್ಕೂ ಮಿಕ್ಕಿದೆ.

1881ರ ಮಾರ್ಚ್ 25ರಂದು ಬ್ರಿಟಿಷರು ಐವತ್ತು ವರ್ಷ ತಮ್ಮ ಕೈಯಲ್ಲಿಟ್ಟುಕೊಂಡಿದ್ದ ಮೈಸೂರನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ರಾಜ್ಯ ಆಗ ನುಜ್ಜುಗುಜ್ಜಾಗಿತ್ತು. ಧಾತು ಈಶ್ವರ ಬರ ಎಂದು ಹಳಬರು ನಡುಗಿ ಹೇಳುತ್ತಿದ್ದ 1876–78ರ ಕ್ಷಾಮ ಮುಗಿದು ಮೂರೇ ವರ್ಷವಾಗಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಬ್ರಿಟಿಷ್ ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ ತೀರಿಸಬೇಕಿತ್ತು. ಮಳೆನೆರಳಿನ ಕಡೂರು ಬಯಲಿನಲ್ಲಿ ಆ ಬರದ ಏಟು ಹೇಗಿದ್ದಿರಬಹುದೆಂದು ಇಲ್ಲಿಯ ಖುಷ್ಕಿ ಹೊಲಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಂಥ ಹೊತ್ತಿನಲ್ಲಿ ದಿವಾನರಾದ ಸಿ. ರಂಗಾಚಾರ್ಲು ಮಾಡಿದ ಕೆಲಸ ದೊಡ್ಡದು. ರಾಜ್ಯದ ಆದಾಯವೆಷ್ಟು, ಖರ್ಚೆಷ್ಟು, ಸಾಲವೆಷ್ಟು ಎಂಬುದನ್ನು ಪ್ರಜೆಗಳ ಮುಂದೆ ಇಡಬೇಕೆಂದು ಅವರು ಪಟ್ಟು ಹಿಡಿದರು. ಆಗಸ್ಟ್ 25ರ ಆಜ್ಞೆಯಂತೆ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, 144 ಜನ ಮೈಸೂರಿನಲ್ಲಿ ಸೇರಿದರು. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಹಿಡುವಳಿದಾರರು, ಜಿಲ್ಲೆಗೆ ಮೂರು ನಾಲ್ಕು ಜನ ವರ್ತಕರು. ಆರಿಸಿ ಕಳಿಸಿದ್ದು ಜಿಲ್ಲೆಯ ಲೋಕಲ್ ಫಂಡ್ ಬೋರ್ಡುಗಳು. ಕಡೂರಿಗೆ ರೈಲು ಬರಲು ಇನ್ನೂ ಎಂಟು ವರ್ಷ ಬೇಕಿತ್ತು. ಹಾಗಾಗಿ ಈ ಸೀಮೆಯ ಪ್ರತಿನಿಧಿಗಳು ಎತ್ತಿನ ಗಾಡಿ ಕಟ್ಟಿಕೊಂಡೇ ಪ್ರಯಾಣ ಹೊರಡಬೇಕಿತ್ತು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗಿನ ಹೆಸರು ಕಡೂರು ಜಿಲ್ಲೆ. ಆಡಳಿತ ಕೇಂದ್ರ 1865ರಲ್ಲೇ ಚಿಕ್ಕಮಗಳೂರಿಗೆ ಹೋಗಿದ್ದರೂ ಹೆಸರು ಮಾತ್ರ ಸ್ವಾತಂತ್ರ್ಯದವರೆಗೂ ಕಡೂರಿನದೇ ಆಗಿತ್ತು.

ಆಗಿನ ಭಾರತದಲ್ಲಿ ಇಂಥದ್ದು ಇನ್ನೆಲ್ಲೂ ಇರಲಿಲ್ಲ. ಭಾರತ ರಾಷ್ಟ್ರೀಯ ಕಾಂಗ್ರೆಸ್ ಹುಟ್ಟಿದ್ದೇ 1885ರಲ್ಲಿ. ಹೀಗಾಗಿ ಮೈಸೂರಿನವರು ಈ ಸಭೆಯ ಬಗ್ಗೆ ಹೆಮ್ಮೆಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಸಭೆಯಲ್ಲಿ ನಡೆಯುತ್ತಿದ್ದುದೇನು ಎಂದು ಹತ್ತಿರದಿಂದ ನೋಡಬೇಕು. ದಿವಾನರು ವರ್ಷದ ಲೆಕ್ಕ ಓದುತ್ತಾರೆ. ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕುಂದುಕೊರತೆ ಹೇಳುತ್ತಾರೆ: ಕೆರೆ ಏರಿ ಒಡೆದಿದೆ, ರಸ್ತೆ ಇಲ್ಲ, ಅರಣ್ಯದವರ ಕಾಟ ಹೆಚ್ಚಾಗಿದೆ, ದನಕ್ಕೆ ಹುಲ್ಲುಗಾವಲಿಲ್ಲ. ದಿವಾನರು ಕೆಲವಕ್ಕೆ ಒಪ್ಪುತ್ತಾರೆ, ಕೆಲವನ್ನು ಪರಿಶೀಲಿಸುವುದಾಗಿ ಹೇಳುತ್ತಾರೆ, ಕೆಲವಕ್ಕೆ ಆಗದು ಎನ್ನುತ್ತಾರೆ. ಮತಕ್ಕೆ ಹಾಕುವ ಮಾತೇ ಇಲ್ಲ. ಸಭೆ ಮುಗಿದ ಮೇಲೆ ಪ್ರತಿನಿಧಿಗಳು ಊರಿಗೆ ಮರಳುತ್ತಾರೆ. ಅಂದರೆ ಅಮಲ್ದಾರರ ಕಚೇರಿಯಲ್ಲಿ ಕೊಡುತ್ತಿದ್ದ ಅರ್ಜಿಯನ್ನೇ ಅವರು ರಾಜ್ಯದ ತುದಿಗೆ ಒಯ್ದು ಕೊಟ್ಟಿದ್ದರು. ಜನರ ದನಿ ಕೇಳಿಸಿಕೊಳ್ಳುವ ವ್ಯವಸ್ಥೆ ಇತ್ತು. ಅದರಂತೆ ನಡೆಯಲೇಬೇಕೆಂಬ ಕಟ್ಟುಪಾಡು ಇರಲಿಲ್ಲ.

ಚುನಾವಣೆ ಇದ್ದೂ ಅಧಿಕಾರ ಕೈಬದಲಾಗದ ಇಂಥ ರಾಜ್ಯಗಳಿಗೆ ಇಂದಿನ ರಾಜ್ಯಶಾಸ್ತ್ರಜ್ಞರು ಅರೆ ಸರ್ವಾಧಿಕಾರಿ ರಾಜ್ಯ ಎನ್ನುತ್ತಾರೆ. ಅಲ್ಲಿ ಶಾಸನಸಭೆ ಇರುತ್ತದೆ, ಪತ್ರಿಕೆಗಳಿರುತ್ತವೆ, ಪಕ್ಷಗಳೂ ಇರಬಹುದು. ಆಳುವವರು ಮಾತ್ರ ಆ ಸಭೆಗೆ ಉತ್ತರದಾಯಿಗಳಲ್ಲ. ಬಿಸ್ಮಾರ್ಕನ ಜರ್ಮನಿಯಲ್ಲಿ ವಯಸ್ಕ ಗಂಡಸರೆಲ್ಲ ಮತ ಹಾಕುತ್ತಿದ್ದರು, ಆದರೆ ಚಾನ್ಸಲರ್ ಯಾರಾಗಬೇಕೆಂದು ತೀರ್ಮಾನಿಸುತ್ತಿದ್ದವನು ಚಕ್ರವರ್ತಿ. 1890ರಲ್ಲಿ ಜಪಾನಿನಲ್ಲಿ ಸಂಸತ್ತು ಶುರುವಾದಾಗಲೂ ಮಂತ್ರಿಗಳು ತಲೆಬಾಗುತ್ತಿದ್ದುದು ಚಕ್ರವರ್ತಿಗೇ. ನಮ್ಮ ಕಾಲದಲ್ಲಿ ಕುವೈತ್ ಇದೆ. ಅಲ್ಲಿ ದುಡಿಯುವ ಕನ್ನಡಿಗರು ಬಲ್ಲಂತೆ 1963ರಿಂದ ಅಲ್ಲಿ ಚುನಾಯಿತ ಸಂಸತ್ತು ಇತ್ತು. ಸದಸ್ಯರು ಮಂತ್ರಿಗಳನ್ನು ನಿಲ್ಲಿಸಿ ಪ್ರಶ್ನಿಸುತ್ತಿದ್ದರು. 2024ರ ಮೇ ತಿಂಗಳಲ್ಲಿ ಅಮೀರರು ಒಂದು ಆಜ್ಞೆ ಹೊರಡಿಸಿ ಅದನ್ನು ನಾಲ್ಕು ವರ್ಷದವರೆಗೆ ಅಮಾನತಿನಲ್ಲಿಡಬಹುದೆಂದರು. ಒಬ್ಬರ ಕೃಪೆಯಿಂದ ಬಂದ ಸಭೆ ಅದೇ ಒಬ್ಬರ ಆಜ್ಞೆಯಿಂದ ಹೋಗಬಹುದು.

ಮೈಸೂರಿನ ವಿಷಯದಲ್ಲಿ ಇನ್ನೂ ಒಂದು ಪದರವಿತ್ತು. ಪ್ರಜೆಗಳ ಮೇಲೆ ದಿವಾನರು, ದಿವಾನರ ಮೇಲೆ ಮಹಾರಾಜರು, ಮಹಾರಾಜರ ಮೇಲೆ ಬೆಂಗಳೂರಿನಲ್ಲಿ ಕುಳಿತ ಬ್ರಿಟಿಷ್ ರೆಸಿಡೆಂಟ್. ವರ್ಷವರ್ಷವೂ ಲಕ್ಷಾಂತರ ರೂಪಾಯಿ ಕಪ್ಪ ಬ್ರಿಟಿಷರಿಗೆ ಸಂದಾಯವಾಗುತ್ತಿತ್ತು. ಅರಮನೆಯ ವಿಷಯವನ್ನಾಗಲಿ ಬ್ರಿಟಿಷರೊಂದಿಗಿನ ಸಂಬಂಧವನ್ನಾಗಲಿ ಶಾಸನಸಭೆಯಲ್ಲಿ ಎತ್ತುವಂತಿರಲಿಲ್ಲ.

ಸಭೆಯ ಸದಸ್ಯರನ್ನು ಚುನಾವಣೆಯಿಂದ ಆರಿಸುವ ಪದ್ಧತಿ ಶುರುವಾಗಿದ್ದು 1891ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಮತ ಇದ್ದದ್ದು ಹೆಚ್ಚು ಕಂದಾಯ ಕಟ್ಟುವವರಿಗೆ, ವ್ಯಾಪಾರದ ತೆರಿಗೆ ಕಟ್ಟುವವರಿಗೆ ಮತ್ತು ಪದವೀಧರರಲ್ಲಿ ಕೆಲವರಿಗೆ. ಕಂದಾಯದ ಮಿತಿ ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ ಇತ್ತಾದರೂ ಎಲ್ಲೆಡೆಯೂ ಎತ್ತರದಲ್ಲಿತ್ತು. ಸಿಂಗಟಗೆರೆಯಂಥ ಕಡೆ ಇದರ ಅರ್ಥವೇನೆಂದು ಯೋಚಿಸಿ. ರಾಗಿ, ಹುರುಳಿ ಬೆಳೆಯುವ ಖುಷ್ಕಿ ಜಮೀನಿಗೆ ಕಂದಾಯ ಎಕರೆಗೆ ಕೆಲವೇ ಆಣೆ. ಮಳೆಯನ್ನೇ ನಂಬಿ ಹತ್ತು ಹದಿನೈದು ಎಕರೆ ಉಳುವ ರೈತ ಕಟ್ಟುವ ಮೊತ್ತ ಆ ಮಿತಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ತೋಟ, ತರಿ ಉಳ್ಳವರಿಗೆ ಆ ಮಿತಿ ಬೇಗ ಎಟಕುತ್ತಿತ್ತು. ಬರ ಬಂದರೆ ಯಾರ ಹೊಟ್ಟೆಗೆ ಮೊದಲು ಏಟು ಬೀಳುತ್ತಿತ್ತೋ ಅವರಿಗೇ ಮತವಿರಲಿಲ್ಲ. ಭೂಮಿಯೇ ಇಲ್ಲದ ಕೂಲಿಯವರ, ಜೀತದವರ ಮಾತಂತೂ ದೂರ. ಕೆರೆ ಏರಿ ಕಟ್ಟಿಸಿ ಎಂದು ಅವರ ಪರವಾಗಿ ಬೇರೆಯವರು ಕೇಳಬೇಕಿತ್ತು. ಕೇಳುವವರಿಗೆ ಆ ಕೆರೆಯ ಕೆಳಗೆ ಗದ್ದೆ ಇದ್ದರೆ ಕೇಳುತ್ತಿದ್ದರು.

ಇಲ್ಲಿ ಒಂದು ತೊಡಕಿನ ಸಂಗತಿಯನ್ನೂ ಹೇಳಬೇಕು. ಮತವುಳ್ಳ ಈ ಉಳ್ಳವರಿಗಿಂತ ದಿವಾನರೇ ಎಷ್ಟೋ ಸಲ ಮುಂದಿದ್ದರು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ಕಾನೂನನ್ನು ಮೈಸೂರು ಸರ್ಕಾರ 1894ರಲ್ಲಿ ತಂದಾಗ ಪ್ರತಿನಿಧಿಗಳಲ್ಲಿ ಅದಕ್ಕೆ ಬಲವಾದ ವಿರೋಧವಿತ್ತು. ಸಭೆಗೆ ಪೂರ್ಣ ಅಧಿಕಾರ ಇದ್ದಿದ್ದರೆ ಆ ಕಾನೂನು ಬರುತ್ತಿರಲಿಲ್ಲವೇನೋ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಕನ್ನಂಬಾಡಿ ಕಟ್ಟೆ ಎದ್ದಿತು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ತೆರೆಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ನಮ್ಮದೇ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಅದಿರು ಹೋಗತೊಡಗಿತು. ಇವನ್ನೆಲ್ಲ ಕಂಡೇ ಗಾಂಧೀಜಿ ಮೈಸೂರನ್ನು ರಾಮರಾಜ್ಯ ಎಂದದ್ದು. ಈ ಸಾಧನೆಗಳ ಮುಂದೆ ನಿಂತು ಸಭೆಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರ ಬೇಕೆಂದು ಕೇಳುವುದು ಸುಲಭವಿರಲಿಲ್ಲ. ಕೆಟ್ಟ ದೊರೆಯನ್ನು ವಿರೋಧಿಸಲು ಎಲ್ಲರೂ ಸಿಗುತ್ತಾರೆ. ಒಳ್ಳೆಯ ದೊರೆಯ ಎದುರು ಹಕ್ಕಿನ ಮಾತೆತ್ತುವವನು ಊರಿನ ಕಣ್ಣಿಗೆ ಕೃತಘ್ನನಂತೆ ಕಾಣುತ್ತಾನೆ.

ಆದರೆ ಒಳ್ಳೆಯ ಸರ್ಕಾರಕ್ಕೂ ಪ್ರಶ್ನೆ ಹಿಡಿಸುತ್ತಿರಲಿಲ್ಲ. 1907ರಲ್ಲಿ ದಿವಾನ್ ವಿ. ಪಿ. ಮಾಧವರಾವ್ ಕಾನೂನು ಮಾಡಲೆಂದು ನ್ಯಾಯವಿಧಾಯಕ ಸಭೆ ತಂದರು. ಮರುವರ್ಷವೇ ಅದೇ ದಿವಾನರ ಕಾಲದಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ಬಂತು. ಜನ ಪ್ರೀತಿಯಿಂದ ತಾತಯ್ಯ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಒಂದು ಕೈಯಲ್ಲಿ ಸಭೆ ಕೊಟ್ಟು ಇನ್ನೊಂದು ಕೈಯಲ್ಲಿ ಮಾತು ಕಸಿದ ಈ ಎರಡು ವರ್ಷಗಳನ್ನು ಒಟ್ಟಿಗೆ ಓದಿದರೆ ಆ ಆಡಳಿತದ ಸ್ವಭಾವ ತಿಳಿಯುತ್ತದೆ.

ಇನ್ನು ಪಕ್ಷಗಳು. ಅಧಿಕಾರ ಹಿಡಿಯುವ ಆಸೆಯೇ ಇಲ್ಲದ ಕಡೆ ಪಕ್ಷ ಯಾಕೆ ಹುಟ್ಟುತ್ತದೆ? ಮೈಸೂರಿನಲ್ಲಿ ಅದು ಹುಟ್ಟಿದ್ದು ಹುದ್ದೆಗಳ ಪ್ರಶ್ನೆಯಿಂದ. ಸರ್ಕಾರವನ್ನು ಬದಲಿಸಲು ಆಗದಿದ್ದಾಗ ಸರ್ಕಾರದೊಳಗೆ ಯಾರು ಕೂರಬೇಕು ಎಂಬುದೇ ರಾಜಕೀಯವಾಗುತ್ತದೆ. ಅಮಲ್ದಾರನಿಂದ ದಿವಾನ ಕಚೇರಿಯವರೆಗೆ ಅಧಿಕಾರಿಗಳಲ್ಲಿ ಬ್ರಾಹ್ಮಣರ ಸಂಖ್ಯೆ ಬಹಳ ಹೆಚ್ಚಿತ್ತು. ಆಳುವವರೇ ಅಧಿಕಾರಿಗಳಾಗಿದ್ದ ರಾಜ್ಯದಲ್ಲಿ ಕೆಲಸ ಸಿಗದ ಜಾತಿಗೆ ರಾಜ್ಯದಲ್ಲೇ ಪಾಲಿಲ್ಲ ಎಂದರ್ಥ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮುಂತಾದ ಸಮುದಾಯಗಳ ಮುಂದಾಳುಗಳನ್ನು ಒಂದೆಡೆ ತಂದಿತು. ಸಿ. ಆರ್. ರೆಡ್ಡಿ, ಎಂ. ಬಸವಯ್ಯ, ಗುಲಾಂ ಅಹಮದ್ ಕಲಾಮಿ ಅದರ ಮುಂಚೂಣಿಯಲ್ಲಿದ್ದರು. ಅವರು ಮಾಡಿದ್ದೂ ಅರ್ಜಿಯ ಕೆಲಸವೇ: ನಿಯೋಗ ಕಟ್ಟಿಕೊಂಡು ನಾಲ್ವಡಿ ಕೃಷ್ಣರಾಜ ಒಡೆಯರ ಬಳಿಗೆ ಹೋದರು.

ಆ ಅರ್ಜಿಗೆ ಫಲ ಸಿಕ್ಕಿತು. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಅದು ಹೇಳಿತು. ಈ ನೀತಿಯನ್ನು ಒಪ್ಪದ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಮಿಲ್ಲರ್ ವರದಿಯನ್ನು ನಾನು ಮೈಸೂರಿನ ಹೆಮ್ಮೆಯ ದಾಖಲೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಇಂದಿನ ಮೀಸಲಾತಿಯ ಬೇರು ಅಲ್ಲಿದೆ. ಅದರ ಇನ್ನೊಂದು ಪರಿಣಾಮವನ್ನೂ ಮರೆಯುವಂತಿಲ್ಲ. ಪಕ್ಷವೆಂದರೆ ಜಾತಿಗಳ ಒಕ್ಕೂಟ, ಗೆಲುವೆಂದರೆ ಹುದ್ದೆಗಳಲ್ಲಿ ಪಾಲು ಎಂಬ ಲೆಕ್ಕ ಮತದಾನ ವ್ಯಾಪಕವಾಗುವ ಮೊದಲೇ ಇಲ್ಲಿ ಗಟ್ಟಿಯಾಯಿತು. ಇದಕ್ಕೆ ಜಾತಿಗಳನ್ನಷ್ಟೇ ದೂರಿದರೆ ಪ್ರಯೋಜನವಿಲ್ಲ. ದಿವಾನರನ್ನು ಬದಲಿಸುವ ಬಾಗಿಲು ಮುಚ್ಚಿತ್ತು, ಗುಮಾಸ್ತನಾಗುವ ಬಾಗಿಲು ಮಾತ್ರ ಅರೆ ತೆರೆದಿತ್ತು. ಜನ ತೆರೆದ ಬಾಗಿಲ ಮುಂದೆ ಸಾಲುಗಟ್ಟಿದರು.

1923ರಲ್ಲಿ ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿಯ ಮೇಲೆ ದೊಡ್ಡ ಸುಧಾರಣೆ ಬಂತು. ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ತಳಹದಿ ಸಿಕ್ಕಿತು. ಸದಸ್ಯರು 250ರಿಂದ 275. ಮತದ ಹಕ್ಕಿಗೆ ಬೇಕಾದ ಕಂದಾಯದ ಮಿತಿ ಅರ್ಧಕ್ಕಿಳಿಯಿತು. ಹೆಣ್ಣೆಂಬ ಕಾರಣಕ್ಕಿದ್ದ ಅಡ್ಡಿಯನ್ನು ತೆಗೆಯುವ ದಾರಿ ತೆರೆಯಿತು. ಆದರೆ ಜಮೀನಿನ ಪಟ್ಟೆ ಹೆಂಗಸರ ಹೆಸರಿನಲ್ಲಿ ಎಷ್ಟು ಮನೆಗಳಲ್ಲಿತ್ತು? ನ್ಯಾಯವಿಧಾಯಕ ಸಭೆ 50 ಜನರದಾಯಿತು, ಬಜೆಟ್ಟಿನ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಪಡೆಯಿತು. ಸಭೆ ಕಡಿತ ಮಾಡಿದ ಹಣವನ್ನು ಸರ್ಕಾರ ಅಗತ್ಯವೆಂದು ಕಂಡರೆ ಮತ್ತೆ ಸೇರಿಸಿಕೊಳ್ಳಬಹುದಿತ್ತು. ಎರಡೂ ಸಭೆಗಳ ಅಧ್ಯಕ್ಷರು ದಿವಾನರೇ. ಪ್ರಶ್ನೆ ಯಾರಿಗೆ ಕೇಳಬೇಕೋ ಅವರೇ ಪ್ರಶ್ನೆ ಕೇಳಲು ಅಪ್ಪಣೆ ಕೊಡುವವರು.

ಈ ಚೌಕಟ್ಟಿನೊಳಗೇ ಸದಸ್ಯರು ಎಷ್ಟು ದುಡಿದರು ಎಂಬುದನ್ನು ಕಡೆಗಣಿಸಬಾರದು. ಡಿವಿಜಿಯವರಂಥವರು ನ್ಯಾಯವಿಧಾಯಕ ಸಭೆಯಲ್ಲಿ ಕುಳಿತು ಸಂಸ್ಥಾನಗಳ ಪ್ರಜೆಗಳ ಹಕ್ಕಿನ ಬಗ್ಗೆ ವರ್ಷಾನುಗಟ್ಟಲೆ ವಾದಿಸಿದರು. ಜವಾಬ್ದಾರಿ ಸರ್ಕಾರ ಎಂಬ ಬೇಡಿಕೆ ಸಭೆಯ ಒಳಗೂ ಹೊರಗೂ ಮತ್ತೆ ಮತ್ತೆ ಎದ್ದಿತು. ದಿವಾನ್ ಮಿರ್ಜಾ ಇಸ್ಮಾಯಿಲರು ಸಜ್ಜನರು, ಊರುಗಳಿಗೆ ಚೆಲುವು ತಂದವರು, ಗ್ರಾಮೋದ್ಧಾರದಲ್ಲಿ ನಂಬಿಕೆಯುಳ್ಳವರು. ಆ ಒಂದು ಬೇಡಿಕೆಗೆ ಮಾತ್ರ ಅವರು ಬಗ್ಗಲಿಲ್ಲ.

1930ರಲ್ಲಿ ಪ್ರಜಾಪಕ್ಷ ಎಂಬ ಇನ್ನೊಂದು ಗುಂಪು ಬಂತು. 1934ರಲ್ಲಿ ಅದೂ ಪ್ರಜಾಮಿತ್ರ ಮಂಡಳಿಯೂ ಕೂಡಿ ಪ್ರಜಾ ಸಂಯುಕ್ತ ಪಕ್ಷವಾದವು. 1937ರ ಅಕ್ಟೋಬರ್ ತಿಂಗಳಲ್ಲಿ ಆ ಪಕ್ಷ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ನನ್ನ ಲೆಕ್ಕದಲ್ಲಿ ಮೈಸೂರಿನ ಪಕ್ಷ ರಾಜಕೀಯ ನಿಜವಾಗಿ ಹುಟ್ಟಿದ ತಿಂಗಳು ಅದು. ಅಲ್ಲಿಯವರೆಗೆ ನಗರದ ಬ್ರಾಹ್ಮಣ ವಕೀಲರ ಪಕ್ಷ ಎನಿಸಿಕೊಂಡಿದ್ದ ಕಾಂಗ್ರೆಸ್ಸಿಗೆ ಹಳ್ಳಿಯ ಬೇರು ಸಿಕ್ಕಿತು. ಹುದ್ದೆಯಲ್ಲಿ ಪಾಲು ಕೇಳುತ್ತಿದ್ದವರಿಗೆ ಇನ್ನೂ ದೊಡ್ಡ ಪ್ರಶ್ನೆ ಸಿಕ್ಕಿತು: ದಿವಾನರು ಯಾರಿಗೆ ಉತ್ತರ ಹೇಳಬೇಕು? ಕೆ. ಸಿ. ರೆಡ್ಡಿ, ಎಚ್. ಸಿ. ದಾಸಪ್ಪ, ಕೆ. ಟಿ. ಭಾಷ್ಯಂ, ಟಿ. ಸಿದ್ದಲಿಂಗಯ್ಯ ಒಂದೇ ವೇದಿಕೆ ಹತ್ತಿದರು.

ಆ ಹೊತ್ತಿಗೆ ಗಡಿಯಾಚೆಯ ಸುದ್ದಿಯೂ ಜನರನ್ನು ಕೆಣಕುತ್ತಿತ್ತು. 1937ರಲ್ಲಿ ಮದ್ರಾಸಿನಲ್ಲಿ ರಾಜಾಜಿ, ಬೊಂಬಾಯಿಯಲ್ಲಿ ಬಿ. ಜಿ. ಖೇರ್ ಚುನಾವಣೆ ಗೆದ್ದು ಮಂತ್ರಿಮಂಡಲ ಕಟ್ಟಿದ್ದರು. ಬೀರೂರಿನಲ್ಲೋ ಅಜ್ಜಂಪುರದಲ್ಲೋ ರೈಲು ಹತ್ತಿ ಹರಿಹರದ ತುಂಗಭದ್ರೆ ದಾಟಿದರೆ ಬೊಂಬಾಯಿ ಪ್ರಾಂತ್ಯ. ರಾಣೆಬೆನ್ನೂರಿನಲ್ಲಿರುವ ಬೀಗರು ತಮ್ಮ ಮತದಿಂದ ಮಂತ್ರಿಗಳನ್ನು ತಂದಿದ್ದರು. ಪರಕೀಯರ ನೇರ ಆಳ್ವಿಕೆಯಲ್ಲಿದ್ದವರಿಗೆ ಸಿಕ್ಕ ಹಕ್ಕು ಸ್ವಂತ ಮಹಾರಾಜರ ಪ್ರಜೆಗಳಿಗೆ ಇರಲಿಲ್ಲ. ಪ್ರಾಂತ್ಯಗಳ ಗವರ್ನರರಿಗೂ ವಿಶೇಷಾಧಿಕಾರಗಳಿದ್ದವು ಎಂಬುದು ನಿಜ. ಆದರೂ ಮಂತ್ರಿ ಎನ್ನುವವನು ಸಭೆಯ ಬಹುಮತಕ್ಕೆ ಕಟ್ಟುಬಿದ್ದಿದ್ದ.

ಅದೇ ಅಕ್ಟೋಬರ್‌ನಲ್ಲಿ ಬೊಂಬಾಯಿಯ ನಾಯಕ ಕೆ. ಎಫ್. ನಾರಿಮನ್ನರನ್ನು ಬೆಂಗಳೂರಿನಲ್ಲಿ ಬಂಧಿಸಿದಾಗ ನಗರ ಸಿಡಿದೆದ್ದಿತು, ಗೋಲಿಬಾರ್ ಆಯಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿ ಶಿವಪುರದಲ್ಲಿ ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ತ್ರಿವರ್ಣ ಧ್ವಜ ಹಾರಿಸಬಾರದೆಂಬ ನಿಷೇಧಾಜ್ಞೆಯನ್ನು ಸಾವಿರಾರು ಜನ ಮುರಿದರು. ಎರಡು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಎಂದಿತು ಸರ್ಕಾರ. ಚಳವಳಿಯವರು ಹೇಳಿದ ಸಂಖ್ಯೆ ಅದರ ಮೂರು ಪಟ್ಟು ದಾಟಿತ್ತು. ಮಾದರಿ ಸಂಸ್ಥಾನವೆಂಬ ಬಿರುದಿಗೆ ರಕ್ತ ಅಂಟಿದ ದಿನ ಅದು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನರೊಂದಿಗೆ ಮಾತಾಡಿದರು. ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು. ಸತ್ತವರ ಮನೆಯವರಿಗೆ ಅದು ಯಾವ ಸಮಾಧಾನ ತಂದಿತೋ. ರಾಜಕೀಯವಾಗಿ ಮಾತ್ರ ಒಂದು ಗೆರೆ ದಾಟಿತ್ತು: ಪಕ್ಷವನ್ನು ಅರ್ಜಿದಾರರ ಗುಂಪು ಎಂದು ನೋಡುವ ಕಾಲ ಮುಗಿದು, ಕೂತು ಮಾತಾಡಬೇಕಾದ ಎದುರು ಪಕ್ಷ ಎಂದು ಸರ್ಕಾರ ಒಪ್ಪಬೇಕಾಯಿತು.

ಚಳವಳಿ ಬಯಲುಸೀಮೆಯಲ್ಲಿ ಹಬ್ಬಿದ ಬಗೆಯೂ ಗಮನಿಸತಕ್ಕದ್ದು. ಕಡೂರಿಗೆ ಅಂಟಿಕೊಂಡಿರುವ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ 1939ರಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಎಸ್. ನಿಜಲಿಂಗಪ್ಪನವರು ಜೈಲಿಗೆ ಹೋದರು. ಹೆಂಡದ ಆದಾಯ ಸರ್ಕಾರದ್ದು, ಮರ ಸರ್ಕಾರದ್ದು, ಹಾಳಾಗುವ ಸಂಸಾರ ಮಾತ್ರ ರೈತನದು. ಜವಾಬ್ದಾರಿ ಸರ್ಕಾರ ಎಂಬ ಪುಸ್ತಕದ ಮಾತು ಹಳ್ಳಿಯವರಿಗೆ ಅರ್ಥವಾದದ್ದು ಇಂಥ ಕಡೆ. ಕಡೂರು, ಅಜ್ಜಂಪುರದ ಕಡೆಯ ಅಮೃತಮಹಲ್ ಕಾವಲುಗಳ ವಿಷಯವೂ ಇದೇ ಜಾತಿಯದು. ಊರಿನ ಸುತ್ತ ಕಣ್ಣಿಗೆ ಕಾಣುವಷ್ಟು ಹುಲ್ಲು, ಅದು ಸರ್ಕಾರದ ತಳಿ ದನಗಳಿಗೆ. ರೈತನ ದನ ಒಳಗೆ ಹೋದರೆ ದೊಡ್ಡಿಗೆ. ಅರ್ಜಿ ಕೊಟ್ಟರೆ ದಂಡ ಮಾಫಿ ಆಗಬಹುದಿತ್ತು. ಕಾವಲು ಯಾರದು ಎಂಬ ಪ್ರಶ್ನೆಗೆ ಅರ್ಜಿಯಲ್ಲಿ ಜಾಗವಿರಲಿಲ್ಲ.

1940ರ ಕಾಯಿದೆ ಸಭೆಗಳನ್ನು ಮತ್ತೆ ಹಿಗ್ಗಿಸಿತು. ಪ್ರಜಾಪ್ರತಿನಿಧಿ ಸಭೆಗೆ 310 ಸ್ಥಾನ, ನ್ಯಾಯವಿಧಾಯಕ ಸಭೆಗೆ 68, ಅವುಗಳಲ್ಲಿ 44 ಚುನಾಯಿತ. ಮಂತ್ರಿಗಳಲ್ಲಿ ಕೆಲವರನ್ನು ಜನಪ್ರತಿನಿಧಿಗಳಿಂದ ಆರಿಸಲು ಅವಕಾಶವಾಯಿತು. ಆರಿಸುವವರು ಮಹಾರಾಜರು, ತೆಗೆಯುವವರೂ ಅವರೇ. ಕಾಂಗ್ರೆಸ್ ಚುನಾವಣೆಗೆ ನಿಂತಿತು, ಒಳಗೆ ಹೋಗಿ ಗಲಾಟೆ ಮಾಡಿತು, 1942ರಲ್ಲಿ ಹೊರಬಂದು ಜೈಲು ತುಂಬಿತು. ಶಿವಮೊಗ್ಗ ಜಿಲ್ಲೆಯ ಈಸೂರಿನವರು ಆ ವರ್ಷ ತಮ್ಮ ಊರನ್ನೇ ಸ್ವತಂತ್ರವೆಂದು ಸಾರಿದರು. ಅಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಕೊಲೆಯಾದರು. 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಅರ್ಜಿಯಲ್ಲಿ ಹೇಳಲಾಗದೆ ವರ್ಷಗಳಿಂದ ಕಟ್ಟಿಕೊಂಡಿದ್ದ ಮಾತು ಒಮ್ಮೆಗೇ ಒಡೆದುಬಂದರೆ ಎಷ್ಟು ಭೀಕರವಾಗಿರುತ್ತದೆ ಎಂಬುದಕ್ಕೆ ಈಸೂರೇ ಸಾಕ್ಷಿ.

1947ರ ಆಗಸ್ಟ್ 15 ಬಂದಾಗಲೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಇತ್ತು. ಭಾರತದ ಒಕ್ಕೂಟ ಸೇರುವ ಪತ್ರಕ್ಕೆ ಜಯಚಾಮರಾಜೇಂದ್ರ ಒಡೆಯರು ಸಹಿ ಹಾಕಿದ್ದರೂ ಅಧಿಕಾರ ಜನರಿಗೆ ದಾಟಿರಲಿಲ್ಲ. ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಸೆಪ್ಟೆಂಬರ್ 1ರಂದು ಕಾಂಗ್ರೆಸ್ ಮೈಸೂರು ಚಲೋ ಆರಂಭಿಸಿತು. ಕೆ. ಸಿ. ರೆಡ್ಡಿಯವರೂ ಉಳಿದ ಮುಖಂಡರೂ ಬಂಧನಕ್ಕೊಳಗಾದರು. ಶಾಲಾ ಕಾಲೇಜು ಹುಡುಗರು ಬೀದಿಗಿಳಿದರು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅವನ ಹೆಸರಿನ ವೃತ್ತದಲ್ಲಿ ಇಂದು ಬಸ್ಸುಗಳು ತಿರುಗುತ್ತವೆ. ಅಕ್ಟೋಬರಿನಲ್ಲಿ ಒಪ್ಪಂದವಾಗಿ ಆ ತಿಂಗಳ ಕೊನೆಯ ವಾರ ರೆಡ್ಡಿಯವರ ಮಂತ್ರಿಮಂಡಲ ಪ್ರಮಾಣವಚನ ಸ್ವೀಕರಿಸಿತು. 66 ವರ್ಷ ನಡೆದ ಸಭೆಗಳಿಂದ ಆಗದ್ದು ಕೆಲವೇ ವಾರಗಳ ಚಳವಳಿಯಿಂದ ಆಯಿತು ಎನ್ನುವುದು ಸರಿಯಲ್ಲ. ಆ ಸಭೆಗಳಲ್ಲಿ ಪಳಗಿದವರೇ ಆ ಚಳವಳಿ ನಡೆಸಿದ್ದು. ಬಜೆಟ್ ಓದುವುದು, ಅಧಿಕಾರಿಗಳನ್ನು ಪ್ರಶ್ನಿಸುವುದು ಎಲ್ಲವನ್ನೂ ಅವರು ಅಲ್ಲಿಯೇ ಕಲಿತಿದ್ದರು. ಹಾಗಾಗಿಯೇ ಮೈಸೂರಿನಲ್ಲಿ ಅಧಿಕಾರ ಕೈಬದಲಾದದ್ದು ಹೈದರಾಬಾದಿನಷ್ಟು ರಕ್ತ ಹರಿಯದೆ. ರಂಗಾಚಾರ್ಲು ಅವರಿಗೆ ಸಲ್ಲಬೇಕಾದ ಕೀರ್ತಿ ಇಲ್ಲಿದೆ.

1949ರ ಡಿಸೆಂಬರಿನಲ್ಲಿ ಹಳೆಯ ಎರಡೂ ಸಭೆಗಳು ಮುಗಿದವು. 1952ರ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ ಬಂದವು. ಕಂದಾಯದ ರಸೀದಿ ತೋರಿಸದೆ, ಜಾತಿ ಹೇಳದೆ, ಗಂಡಸು ಹೆಂಗಸು ಎನ್ನದೆ 21 ವರ್ಷ ತುಂಬಿದವರೆಲ್ಲ ಮತ ಹಾಕಿದರು.

ಹಾಗೆ ಬಂದ ಮತಕ್ಕೂ ಕಂಟಕ ಬರದೆ ಇರಲಿಲ್ಲ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದಾಗ ಸಂಸತ್ತು ಇತ್ತು, ವಿರೋಧ ಪಕ್ಷದ ಮುಖಂಡರು ಜೈಲಿನಲ್ಲಿದ್ದರು. ಅಡ್ವಾಣಿ, ವಾಜಪೇಯಿ ಬಂಧನಕ್ಕೊಳಗಾದದ್ದು ಬೆಂಗಳೂರಿನಲ್ಲೇ. ಲೋಕಸಭೆಯ ಅವಧಿಯನ್ನೇ ಹಿಗ್ಗಿಸಲಾಯಿತು, ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತು. 1977ರಲ್ಲಿ ದೇಶ ಇಂದಿರಾ ಗಾಂಧಿಯವರನ್ನು ಸೋಲಿಸಿದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತು. ಮರುವರ್ಷ ಡಿ. ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರಿನಿಂದ ಇಂದಿರಾ ಅವರು ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಸಂಸತ್ತಿಗೆ ಹೋದರು. ದೇವರಾಜ ಅರಸರು ಭೂಮಿ ಕೊಟ್ಟರು, ಇಂದಿರಮ್ಮ ಅನ್ನ ಕೊಟ್ಟರು ಎಂಬ ಕೃತಜ್ಞತೆ ಆ ಮತದಲ್ಲಿತ್ತು. ಗೇಣಿದಾರನಾಗಿದ್ದವನು ಒಡೆಯನಾದಾಗ ಹುಟ್ಟುವ ಕೃತಜ್ಞತೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದ್ದೇಕೆ ಎಂಬ ಪ್ರಶ್ನೆಯನ್ನು ಆ ಕೃತಜ್ಞತೆ ಮುಚ್ಚಿಹಾಕಿತು. ಕೊಡುವ ಕೈಯನ್ನು ಪ್ರಶ್ನಿಸಬಾರದು ಎಂಬ ಹಳೆಯ ಮೈಸೂರಿನ ಸಂಸ್ಕಾರ ಅಲ್ಲಿಯೂ ಕೆಲಸ ಮಾಡಿದೆ ಎಂದೇ ನನ್ನ ತಿಳಿವಳಿಕೆ. ಒಂದು ವ್ಯತ್ಯಾಸ ಮಾತ್ರ ಬಹಳ ದೊಡ್ಡದು. 1977ರಲ್ಲಿ ಮತ ಸರ್ಕಾರವನ್ನು ಇಳಿಸಿತು. ಮಿರ್ಜಾ ಇಸ್ಮಾಯಿಲರನ್ನು ಎಷ್ಟೇ ಮತಗಳು ಕೂಡಿದರೂ ಇಳಿಸಲು ಆಗುತ್ತಿರಲಿಲ್ಲ.

ಇಂದು ಕಡೂರು ವಿಧಾನಸಭಾ ಕ್ಷೇತ್ರ ಹಾಸನ ಲೋಕಸಭೆಗೆ ಸೇರಿದೆ. ಪಕ್ಕದ ತರೀಕೆರೆ, ಅದರೊಳಗಿನ ಅಜ್ಜಂಪುರ, ಉಡುಪಿ ಚಿಕ್ಕಮಗಳೂರಿಗೆ ಸೇರಿವೆ. ಹಳೆಯ ಬೀರೂರು ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಅಳಿಸಿಹೋಯಿತು. ಒಂದೇ ಮಳೆನೆರಳಿನ, ಒಂದೇ ನೀರಿನ ಕಷ್ಟದ ಊರುಗಳಿಗೆ ಬೇರೆ ಬೇರೆ ಸಂಸದರು. ತೆಂಗಿಗೆ ರೋಗ ಬಿದ್ದರೆ, ಈರುಳ್ಳಿ ಬೆಲೆ ಕುಸಿದರೆ, ಅಡಿಕೆ ಆಮದಿನ ನೀತಿ ಬದಲಾದರೆ ತೀರ್ಮಾನವಾಗುವುದು ದೆಹಲಿಯಲ್ಲಿ, ಮಸೂದೆ ಮತ್ತು ಬಜೆಟ್ಟಿನ ಸಾಲುಗಳಲ್ಲಿ. ಸಂಸದರ ಮುಂದೆ ಹೋಗುವ ಅರ್ಜಿಯಲ್ಲಿ ಮಾತ್ರ ಸಮುದಾಯ ಭವನ ಇರುತ್ತದೆ. ಆಮದು ಸುಂಕದ ಮೇಲೆ ನೀವು ಸದನದಲ್ಲಿ ಏನು ಹೇಳಿದಿರಿ ಎಂದು ಕೇಳಿದರೆ ಅವರು ಉತ್ತರ ತಯಾರಿಸಿಕೊಂಡು ಬರಲೇಬೇಕಾಗುತ್ತದೆ. ಸಂಸದರು ಕೇಳಿದ ಪ್ರಶ್ನೆ, ಸದನದಲ್ಲಿ ಹಾಜರಿದ್ದ ದಿನ, ಭಾಗವಹಿಸಿದ ಚರ್ಚೆ ಎಲ್ಲವೂ ಈಗ ಫೋನಿನಲ್ಲೇ ಸಿಗುತ್ತವೆ. ಹೋಬಳಿಯ ಹೈಸ್ಕೂಲು ಮಕ್ಕಳಿಗೆ ಅದನ್ನು ತೆಗೆದು ಓದುವುದನ್ನು ಸಮಾಜ ಪಾಠದ ಮೇಷ್ಟ್ರು ಒಂದು ಪೀರಿಯಡ್‌ನಲ್ಲಿ ಕಲಿಸಬಹುದು.

ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು ಅಚ್ಚಾಗಿವೆ. ಯಾವ ಸೀಮೆಯಿಂದ ಯಾವ ದೂರು ಬಂತು, ದಿವಾನರು ಏನು ಉತ್ತರ ಕೊಟ್ಟರು ಎಂಬುದು ಅವುಗಳಲ್ಲಿದೆ. ಕಡೂರು ಜಿಲ್ಲೆಯ ಭಾಗವನ್ನು ತಾಲ್ಲೂಕುವಾರು ಬೇರ್ಪಡಿಸಿ ಕನ್ನಡದಲ್ಲಿ ಮರುಮುದ್ರಿಸುವ ಕೆಲಸವನ್ನು ಜಿಲ್ಲೆಯ ಯಾವುದಾದರೂ ಕಾಲೇಜಿನ ಇತಿಹಾಸ ವಿಭಾಗ ಕೈಗೆತ್ತಿಕೊಳ್ಳಬೇಕು. ಅಂದು ಕೇಳಿದ್ದರಲ್ಲಿ ಎಷ್ಟು ಕೆರೆಗಳು ಇಂದಿನ ಅರ್ಜಿಯಲ್ಲೂ ಇವೆ ಎಂಬುದನ್ನು ಅದೇ ಪುಸ್ತಕದ ಎದುರು ಪುಟದಲ್ಲಿ ಅಚ್ಚು ಹಾಕಲಿ.